ಹೆಡ್‌ಸೆಟ್ ಹಾಕುವ ಮುಂಚೆ ಫ್ಯಾನ್ ನೋಡಿ

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತಗೊಂಡವರು ಮೊದಲು ಕೇಳೋದು "ಯಾವ ಗೇಮ್ ಚೆನ್ನಾಗಿದೆ?" ಅಂತ. ನಾನು ತಿರುಗಿ ಕೇಳೋದು, "ನಿಮ್ಮ ಪಿಡಿ ಎಷ್ಟು?" ಅಂತ. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಅದು. ಕನ್ನಡಕದ ಅಂಗಡಿಯಲ್ಲಿ ಕೇಳಿದರೆ ಅಳೆದು ಹೇಳುತ್ತಾರೆ. ನನ್ನದು 63 ಮಿಲಿಮೀಟರ್, ಅಮ್ಮನದು 58ರ ಆಸುಪಾಸು. ನನ್ನ ತಮ್ಮ ಅಮೆರಿಕದಿಂದ ತಂದುಕೊಟ್ಟ ಕ್ವೆಸ್ಟ್ 2 ಹೆಡ್‌ಸೆಟ್ಟಿನಲ್ಲಿ ಲೆನ್ಸುಗಳನ್ನು ಕೈಯಿಂದ ಸರಿಸಿದರೆ 58, 63, 68 ಎಂಬ ಮೂರು ಜಾಗಗಳಲ್ಲಿ ಕೂರುತ್ತವೆ. ನನಗೆ ಹೊಂದಿಸಿದ್ದನ್ನು ಹಾಗೇ ಅಮ್ಮನಿಗೆ ಹಾಕಿದರೆ ಎಲ್ಲ ಮಂಜುಮಂಜು, ಮೇಲೆ ತಲೆನೋವು.

ಆಮೇಲೆ ತೂಕ. ಅರ್ಧ ಕೆಜಿ, ಅದೂ ಪೂರ್ತಿ ಮುಖದ ಮುಂದೆ. ಪಕ್ಕದ ಪಟ್ಟಿ ಬಿಗಿದಷ್ಟೂ ಕೆನ್ನೆ ನೋಯುತ್ತದೆ. ಹಿಂಬದಿ ಪಟ್ಟಿ ತಲೆಬುರುಡೆಯ ಕೆಳಗಿನ ಉಬ್ಬನ್ನು ಹಿಡಿದಿರಬೇಕು, ಭಾರವನ್ನು ನೆತ್ತಿಯ ಮೇಲಿನ ಪಟ್ಟಿ ಹೊರಬೇಕು. ನಾನು ಹಿಂದೆ ಒಂದು ಸಣ್ಣ ಪವರ್ ಬ್ಯಾಂಕ್ ಕಟ್ಟಿಕೊಂಡೆ. ತಕ್ಕಡಿ ಸರಿಯಾಯಿತು, ಎರಡು ಗಂಟೆಯ ಬ್ಯಾಟರಿಯೂ ಉದ್ದವಾಯಿತು.

ನಮ್ಮ ಮನೆಗಳ ನಿಜವಾದ ಶತ್ರು ಸೀಲಿಂಗ್ ಫ್ಯಾನ್. ಓಡಾಡಿ ಆಡಲು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಖಾಲಿ ಜಾಗ ಇರಲಿ ಅನ್ನುತ್ತಾರೆ. ಸೋಫಾ ಸರಿಸಿದರೆ ಅದೇನೋ ಸಿಗುತ್ತದೆ. ಆದರೆ ನೆಲದ ಮೇಲೆ ನಾವು ಎಳೆಯುವ ಗಾರ್ಡಿಯನ್ ಗೆರೆ ಸುತ್ತಲಿನ ಅಂಚನ್ನಷ್ಟೇ ಕಾಯುತ್ತದೆ, ತಲೆ ಮೇಲೆ ತಿರುಗುವ ರೆಕ್ಕೆ ಅದಕ್ಕೆ ಗೊತ್ತಿಲ್ಲ. ಆಟದ ಜೋಶ್‌ನಲ್ಲಿ ಕೈ ಎಲ್ಲಿಯವರೆಗೆ ಏಳುತ್ತದೆ ಅಂತ ನಮಗೂ ಗೊತ್ತಿರುವುದಿಲ್ಲ. ಹಾಗಾಗಿ ಸೀಲಿಂಗ್ ಫ್ಯಾನ್ ಬಂದ್, ಮೂಲೆಯಲ್ಲಿ ಪೆಡೆಸ್ಟಲ್ ಫ್ಯಾನ್. ಬೆವರಿಗೂ ಆಯಿತು, ಗಾಳಿ ಬರುವ ಕಡೆ ನೋಡಿಕೊಂಡು ನಾನು ಯಾವ ದಿಕ್ಕಿಗೆ ತಿರುಗಿದ್ದೇನೆ ಅನ್ನುವುದೂ ತಿಳಿಯುತ್ತದೆ. ಕಾಲ ಕೆಳಗೊಂದು ಪುಟ್ಟ ಮ್ಯಾಟ್ ಹಾಕಿದರೆ ನಡುಜಾಗ ಪಾದಕ್ಕೇ ಗೊತ್ತಾಗುತ್ತದೆ.

ಹೆಡ್‌ಸೆಟ್ಟಿನ ನಾಲ್ಕು ಕ್ಯಾಮೆರಾಗಳು ಕೋಣೆಯನ್ನು ನೋಡುತ್ತಲೇ ಜಾಗ ಹಿಡಿಯುವುದರಿಂದ ಬೆಳಕು ಬೇಕೇ ಬೇಕು. ಟ್ಯೂಬ್‌ಲೈಟ್ ಕೆಳಗೆ ಈ ಜಾಗ ಹಿಡಿಯುವ ಕೆಲಸ, ಅಂದರೆ ಟ್ರ್ಯಾಕಿಂಗ್, ತಡವರಿಸಿದರೆ ಸೆಟ್ಟಿಂಗ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ 50 ಹರ್ಟ್ಜ್ ಇದೆಯೇ ನೋಡಿ. ಅಮೆರಿಕದ ಕರೆಂಟು 60, ನಮ್ಮದು 50. ಪ್ರತಿಬಿಂಬ ಕಂಡು ಕ್ಯಾಮೆರಾ ಗೊಂದಲವಾಗದಿರಲು ಬೀರುವಿನ ಕನ್ನಡಿಗೆ ಒಂದು ಹೊದಿಕೆ. ಬಿಸಿಲು ಮಾತ್ರ ಲೆನ್ಸಿಗೆ ನೇರ ಬೀಳಕೂಡದು, ಒಳಗಿನ ಪರದೆ ಸುಟ್ಟುಹೋಗುತ್ತದೆ.

ವಾಕರಿಕೆಯ ವಿಷಯಕ್ಕೆ ಬಂದರೆ, "ಅಭ್ಯಾಸ ಆಗುತ್ತೆ, ಸಹಿಸಿಕೋ" ಅನ್ನುವ ಸಲಹೆ ನನಗೆ ಹಿಡಿಸಲಿಲ್ಲ. ಜಾಯ್‌ಸ್ಟಿಕ್ ಒತ್ತಿ ನಡೆದಾಗ ಕಣ್ಣು "ಮುಂದೆ ಹೋಗ್ತಿದ್ದೀವಿ" ಅನ್ನುತ್ತದೆ, ಒಳಕಿವಿ "ಇಲ್ಲಪ್ಪ, ನಿಂತೇ ಇದ್ದೀವಿ" ಅನ್ನುತ್ತದೆ. ಹೊಟ್ಟೆ ತೊಳಸುವುದು ಅದಕ್ಕೇ. ನಾನು ಶುರುಮಾಡಿದ್ದು ನಿಂತಲ್ಲೇ ಆಡುವ ಬೀಟ್ ಸೇಬರ್ ಎಂಬ ಗೇಮ್‌ನಿಂದ. ಆಮೇಲೆ ಟೆಲಿಪೋರ್ಟ್ (ನಡೆಯದೆ, ತೋರಿಸಿದ ಜಾಗಕ್ಕೆ ಒಮ್ಮೆಲೇ ಹಾರುವುದು), ಕೊನೆಗೆ ಜಾಯ್‌ಸ್ಟಿಕ್ ನಡಿಗೆ, ಅದೂ ದೃಶ್ಯದ ಅಂಚು ಕಪ್ಪಾಗುವ ಆಯ್ಕೆ ಹಾಕಿಕೊಂಡು. ಹಣೆಯಲ್ಲಿ ಬೆವರೊಡೆದ ತಕ್ಷಣ ತೆಗೆದಿಟ್ಟುಬಿಡುತ್ತೇನೆ; ಮುಂದುವರಿಸಿದರೆ ಸಂಜೆಯೆಲ್ಲ ಹಾಳು.

ಅಮ್ಮನಿಗೆ ತಿರುಗುವ ಕುರ್ಚಿ. ಅವಳು ನೋಡುವುದನ್ನು ಫೋನಿಗೆ ಕಾಸ್ಟ್ ಮಾಡಿಕೊಂಡು ಪಕ್ಕದಲ್ಲೇ ಕೂರುತ್ತೇನೆ, ಇಲ್ಲದಿದ್ದರೆ ಎಲ್ಲಿ ನೋಡಬೇಕೆಂದು ಹೇಳಲಾಗುವುದಿಲ್ಲ. ಹಂಪಿಯ 360 ಡಿಗ್ರಿ ವಿಡಿಯೊ ಹಾಕಿದಾಗ ಅವಳ ಮೊದಲ ದೂರು, "4ಕೆ ಅಂದೆ, ಟಿವಿನೇ ಚೆನ್ನಾಗಿತ್ತಲ್ಲೋ." ಸರಿಯೇ. 4ಕೆ ವಿಡಿಯೊದ 3840 ಚುಕ್ಕೆ ಸುತ್ತಲೂ ಹಂಚಿಹೋದಾಗ ಕಣ್ಣೆದುರಿನ 90 ಡಿಗ್ರಿಗೆ ಉಳಿಯುವುದು 960. ಎರಡನೆಯ ದೂರು: "ಕಲ್ಲಿನ ರಥದ ಹತ್ರ ಹೋಗೋದು ಹೆಂಗೆ?" ಹೋಗಲಾಗದು. ಇಂಥ ವಿಡಿಯೊದಲ್ಲಿ ತಲೆ ತಿರುಗಿಸಬಹುದು, ಹೆಜ್ಜೆ ಇಡಲಾಗದು.

ಈಗ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ತೆಗೆದ 8ಕೆ ವಿಡಿಯೊಗಳನ್ನೇ ಅವಳಿಗೆ ಆರಿಸಿಡುತ್ತೇನೆ. ಬೈಕಿಗೋ ದೋಣಿಗೋ ಕಟ್ಟಿ ತೆಗೆದವನ್ನು ನಾನೇ ಮೊದಲು ನೋಡಿ ಕೈಬಿಡುತ್ತೇನೆ.