ಆನ್‌ಲೈನ್ ಚಿತ್ರಕಲೆ, ಕಥೆ ಹೇಳುವ ಸ್ಪರ್ಧೆ: ಅಂಕ ಹಾಕುವುದು ಹೇಗೆ?

ನವೆಂಬರ್ ಬಂತೆಂದರೆ ರಾಜ್ಯೋತ್ಸವ, ಅದರ ಬೆನ್ನಿಗೇ ಮಕ್ಕಳ ದಿನಾಚರಣೆ. ಬಡಾವಣೆಯ ಕನ್ನಡ ಸಂಘ, ಅಪಾರ್ಟ್‌ಮೆಂಟ್ ಸಮಿತಿ, ಊರಿನ ಗ್ರಂಥಾಲಯ, ಹೊರದೇಶದ ಕನ್ನಡ ಕೂಟ ಎಲ್ಲವೂ ಮಕ್ಕಳಿಗೆ ಆನ್‌ಲೈನ್ ಸ್ಪರ್ಧೆ ಇಡುತ್ತವೆ. ಪೋಸ್ಟರ್ ತಯಾರು, ಬಹುಮಾನ ತಯಾರು, ತೀರ್ಪುಗಾರರ ಹೆಸರೂ ತಯಾರು. ಅಂಕ ಹಾಕುವುದು ಹೇಗೆ ಎಂಬುದನ್ನು ಮಾತ್ರ ‘ಎಂಟ್ರಿ ಬರಲಿ, ಆಮೇಲೆ ನೋಡೋಣ’ ಎಂದು ಬಿಟ್ಟಿರುತ್ತಾರೆ. ಫಲಿತಾಂಶದ ದಿನ ಏಳುವ ತಕರಾರುಗಳಲ್ಲಿ ಬಹುಪಾಲು ಇಲ್ಲಿಂದಲೇ ಶುರು. ನಿಯಮ, ಅಂಕಪಟ್ಟಿ, ಕೂಡುವ ಲೆಕ್ಕ ಈ ಮೂರೂ ಮೊದಲ ಎಂಟ್ರಿ ತೆರೆಯುವ ಮುನ್ನವೇ ಬರಹದಲ್ಲಿ ಇರಬೇಕು.

ಮೊದಲು ಗಂಟೆಗಳ ಲೆಕ್ಕ

400 ಚಿತ್ರ ಬಂದವು ಎನ್ನಿ. ಒಂದೊಂದನ್ನೂ ಇಬ್ಬರು ನೋಡಬೇಕು, ನೋಡಿ ಅಂಕ ಬರೆಯಲು ಎರಡು ನಿಮಿಷ ಬೇಕು ಎಂದರೆ ಒಟ್ಟು 1,600 ನಿಮಿಷ, ಅಂದರೆ ಸುಮಾರು 27 ಗಂಟೆ. ನಾಲ್ವರು ಹಂಚಿಕೊಂಡರೂ ತಲೆಗೆ ಆರೂ ಮುಕ್ಕಾಲು ಗಂಟೆಯ ಹತ್ತಿರ ಹತ್ತಿರ. ಕಥೆಯದು ಇನ್ನೂ ಭಾರ: ಮೂರು ನಿಮಿಷದ 150 ವಿಡಿಯೊಗಳಿಗೆ, ಬರೆಯುವ ಹೊತ್ತೂ ಸೇರಿ ಒಂದಕ್ಕೆ ಐದು ನಿಮಿಷದಂತೆ, ಇಬ್ಬರು ತೀರ್ಪುಗಾರರೆಂದರೆ 25 ಗಂಟೆ. ಈ ಲೆಕ್ಕ ಹಾಕದೆ ‘ಭಾನುವಾರ ಸಂಜೆ ಕೂತು ಮುಗಿಸೋಣ’ ಎಂದು ಹೊರಟವರು ಕೊನೆಯ ನೂರು ಎಂಟ್ರಿಗಳನ್ನು ಬೆರಳಲ್ಲಿ ಸರಿಸಿ ಮುಗಿಸುತ್ತಾರೆ.

ಒಂದು ಬೈಠಕ್ಕಿಗೆ 40 ಚಿತ್ರ ಅಥವಾ 12 ವಿಡಿಯೊ ಸಾಕು. ಪ್ರತಿ ತೀರ್ಪುಗಾರರಿಗೂ ಎಂಟ್ರಿಗಳ ಕ್ರಮ ಬೇರೆ ಬೇರೆ ಇರಲಿ. ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟರೆ, ದಣಿದ ಹೊತ್ತಿಗೆ ಬರುವ ಎಂಟ್ರಿಗಳು ಎಲ್ಲರಲ್ಲೂ ಅವೇ ಆಗಿರುತ್ತವೆ.

ಹೆಸರು ಮರೆಮಾಡುವುದು

ಎಂಟ್ರಿ ಬಂದ ಕೂಡಲೇ ಅದಕ್ಕೊಂದು ಸಂಖ್ಯೆ ಕೊಡಿ: ಚಿತ್ರಕ್ಕೆ ಚಿ-014, ಕಥೆಗೆ ಕ-027. ಹೆಸರು, ಶಾಲೆ, ಪೋಷಕರ ಫೋನ್ ನಂಬರ್ ಇರುವ ಪಟ್ಟಿ ಒಬ್ಬ ಸಂಯೋಜಕರ ಬಳಿ ಮಾತ್ರ ಇರಲಿ. ತೀರ್ಪುಗಾರರಿಗೆ ಕಾಣಬೇಕಾದದ್ದು ಸಂಖ್ಯೆ ಮತ್ತು ವಯೋಮಿತಿಯ ಗುಂಪು, ಅಷ್ಟೇ.

ಹೇಳಿದಷ್ಟು ಸುಲಭವಲ್ಲ. ಫೈಲಿನ ಹೆಸರಿನಲ್ಲೇ ಮಗುವಿನ ಹೆಸರು, ತರಗತಿ, ಶಾಲೆ ಎಲ್ಲ ಇರುತ್ತದೆ, ಬದಲಿಸಬೇಕು. ಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ ಸಹಿ ಇರುತ್ತದೆ, ಮರೆಮಾಡಬೇಕು. ವಿಡಿಯೊದಲ್ಲಂತೂ ಮಕ್ಕಳು ‘ಎಲ್ಲರಿಗೂ ನಮಸ್ಕಾರ, ನನ್ನ ಹೆಸರು…’ ಎಂದೇ ಶುರು ಮಾಡುವುದು. ಶಾಲೆಯ ವೇದಿಕೆಯಲ್ಲಿ ಕಲಿಸಿದ್ದೇ ಹಾಗೆ. ‘ಹೆಸರು, ಶಾಲೆ ಹೇಳದೆ ನೇರವಾಗಿ ಕಥೆಯಿಂದ ಆರಂಭಿಸಿ, ಸಮವಸ್ತ್ರ, ಐಡಿ ಕಾರ್ಡ್ ಬೇಡ’ ಎಂದು ಪೋಸ್ಟರಿನಲ್ಲೇ ದಪ್ಪಕ್ಷರದಲ್ಲಿ ಹಾಕಿ. ಆದರೂ ಹೇಳಿಬಿಟ್ಟಿದ್ದರೆ ಆ ಹತ್ತು ಸೆಕೆಂಡು ಕತ್ತರಿಸಿ ಕಳಿಸಬೇಕೇ ಹೊರತು ಮಗುವನ್ನು ಸ್ಪರ್ಧೆಯಿಂದ ಕೈಬಿಡಬಾರದು.

ಕಳಿಸುವ ದಾರಿಯಲ್ಲೂ ತೊಡಕುಗಳಿವೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಪೆನ್ಸಿಲ್ ಗೆರೆ ಮಸುಕಾಗುತ್ತದೆ; ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ಬರುತ್ತದೆ. ಗೂಗಲ್ ಫಾರ್ಮಿನಲ್ಲಿ ಫೈಲ್ ಸೇರಿಸಬೇಕಾದರೆ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು, ಮನೆಗೆಲ್ಲ ಒಂದೇ ಫೋನ್ ಇರುವಲ್ಲಿ ಇದು ತಲೆನೋವು. ಇಮೇಲ್ ದಾರಿಯನ್ನೂ ತೆರೆದಿಡಿ. ಡ್ರೈವ್ ಲಿಂಕ್ ತೆಗೆದುಕೊಳ್ಳುವುದಾದರೆ ಬಂದ ದಿನವೇ ತೆರೆದು ನೋಡಿ. ‘ಅನುಮತಿ ಇಲ್ಲ’ ಎಂಬುದು ತೀರ್ಪಿನ ದಿನ ಗೊತ್ತಾದರೆ ಯಾರೂ ಏನೂ ಮಾಡುವಂತಿಲ್ಲ. ಹೊರದೇಶದ ಮಕ್ಕಳೂ ಭಾಗವಹಿಸುವಂತಿದ್ದರೆ ಕೊನೆಯ ಗಡುವಿನ ಜೊತೆಗೆ ‘ಭಾರತೀಯ ಕಾಲಮಾನ’ ಎಂದು ಬರೆಯುವುದನ್ನು ಮರೆಯಬೇಡಿ.

ಚಿತ್ರಕ್ಕೆ ಅಂಕ

50 ಅಂಕ ಹೀಗೆ ಹಂಚಬಹುದು: ಸ್ವಂತ ಕಲ್ಪನೆಗೆ 15, ವಿಷಯವನ್ನು ಹಿಡಿದ ಬಗೆಗೆ 15, ಹಾಳೆಯನ್ನು ಬಳಸಿಕೊಂಡ ರೀತಿಗೆ 10, ಗೆರೆ ಮತ್ತು ಬಣ್ಣಕ್ಕೆ 10. ‘ಒಟ್ಟಾರೆ ಪರಿಣಾಮ’ ಎಂಬ ಕಲಂ ಬೇಡವೇ ಬೇಡ. ತೀರ್ಪುಗಾರರ ಇಷ್ಟಾನಿಷ್ಟವೆಲ್ಲ ಅಲ್ಲಿ ಹೋಗಿ ಕೂರುತ್ತದೆ.

ಕಲಂ ಬರೆದರೆ ಸಾಲದು, ಎಷ್ಟಕ್ಕೆ ಎಷ್ಟು ಎಂಬುದನ್ನೂ ಬರೆಯಬೇಕು. ವಿಷಯ ‘ನಮ್ಮೂರ ಸಂತೆ’ ಎಂದಿಟ್ಟುಕೊಳ್ಳಿ. ಸಾಲಾಗಿ ನಿಂತ ಅಂಗಡಿ, ಮೇಲೊಂದು ‘ಸಂತೆ’ ಎಂಬ ಬೋರ್ಡು, ಅಷ್ಟೇ ಇದ್ದರೆ ವಿಷಯಕ್ಕೆ 5. ಕೊಳ್ಳುವವರು, ಮಾರುವವರು, ತಕ್ಕಡಿ, ರಾಶಿ ಹಾಕಿದ ಸೊಪ್ಪು ಇದ್ದು ಸಂತೆ ನಡೆಯುತ್ತಿದೆ ಎನಿಸಿದರೆ 10. ಮಗು ಕಣ್ಣಾರೆ ಕಂಡದ್ದು ಅಲ್ಲಿ ಇಳಿದಿದ್ದರೆ, ಗಾಡಿಯ ಕೆಳಗೆ ಮಲಗಿದ ನಾಯಿಯೋ ಬಾಳೆಗೊನೆಗೆ ಬಾಯಿ ಹಾಕಲು ಬಂದ ಹಸುವನ್ನು ಓಡಿಸುವ ಅಜ್ಜಿಯೋ ಇದ್ದರೆ, 12ರಿಂದ 15. ಹೀಗೆ ಮೂರು ಮೆಟ್ಟಿಲು ಬರೆದಿಟ್ಟರೆ ಪಾಲಕರು ‘ನಮ್ಮ ಮಗುವಿಗೆ ಯಾಕೆ ಇಷ್ಟೇ?’ ಎಂದು ಕೇಳಿದಾಗ ಹೇಳಲು ಮಾತಿರುತ್ತದೆ.

ಬಹಳ ಮಂದಿ ಎಡವುವುದು ಅಚ್ಚುಕಟ್ಟುತನದ ವಿಷಯದಲ್ಲಿ. ಎರಡು ಗುಡ್ಡ, ನಡುವೆ ಸೂರ್ಯ, ಹರಿಯುವ ನದಿ, ದಡದಲ್ಲೊಂದು ಹೆಂಚಿನ ಮನೆ: ಯೂಟ್ಯೂಬ್ ನೋಡಿ ಬಿಡಿಸಿದ ಈ ಚಿತ್ರ ಪ್ರತಿ ಸ್ಪರ್ಧೆಗೂ ಬರುತ್ತದೆ. ಬಣ್ಣ ಒಂದಿಷ್ಟೂ ಗೆರೆ ದಾಟಿರುವುದಿಲ್ಲ. ಗೆರೆ-ಬಣ್ಣಕ್ಕೆ 9 ಕೊಡಿ, ಅಡ್ಡಿಯಿಲ್ಲ. ಕಲ್ಪನೆಗೆ 3ರ ಮೇಲೆ ಹೋಗಬೇಡಿ.

ವಯಸ್ಸಿನ ಗುಂಪಿಗೆ ತಕ್ಕಂತೆ ಕಣ್ಣೂ ಬದಲಾಗಬೇಕು. 5ರಿಂದ 7 ವರ್ಷದ ಮಗು ಮನೆಯ ಗೋಡೆಯ ಮೂಲಕವೇ ಒಳಗಿರುವ ಅಮ್ಮನನ್ನು ತೋರಿಸುತ್ತದೆ, ಮುಖ್ಯವಾದವರನ್ನು ಮರಕ್ಕಿಂತ ದೊಡ್ಡದಾಗಿ ಬಿಡಿಸುತ್ತದೆ, ಎಲ್ಲರನ್ನೂ ಹಾಳೆಯ ಕೆಳಗಿನ ಗೆರೆಯ ಮೇಲೆ ಸಾಲಾಗಿ ನಿಲ್ಲಿಸುತ್ತದೆ. ಅದು ತಪ್ಪಲ್ಲ, ಆ ವಯಸ್ಸಿನ ಮಕ್ಕಳು ಬಿಡಿಸುವುದೇ ಹಾಗೆ. ದೂರದ್ದು ಚಿಕ್ಕದಾಗಿಲ್ಲ ಎಂದು ಅಲ್ಲಿ ಅಂಕ ಕಳೆಯುವವರು 14ರ ಮಗುವಿನ ಅಳತೆಗೋಲನ್ನು 6ರ ಮಗುವಿಗೆ ಹಿಡಿಯುತ್ತಿದ್ದಾರೆ.

ನೋಡುವ ಪರದೆಯ ಬಗ್ಗೆಯೂ ಒಂದು ಮಾತು. ಮೊಬೈಲಿನ ಸಣ್ಣ ಪರದೆಯಲ್ಲಿ ಗಾಢ ಬಣ್ಣದ ಚಿತ್ರಗಳೇ ಎದ್ದು ಕಾಣುತ್ತವೆ, ಪೆನ್ಸಿಲ್ ಶೇಡಿಂಗ್ ಸೋಲುತ್ತದೆ. ಲ್ಯಾಪ್‌ಟಾಪಿನಲ್ಲಿ, ಒಂದು ಸಲಕ್ಕೆ ಒಂದೇ ಚಿತ್ರ ನೋಡಿ. ಸಂಜೆಯಾದರೆ ಪರದೆಯನ್ನು ತಾನಾಗಿ ಹಳದಿಗೆ ತಿರುಗಿಸುವ ನೈಟ್ ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಹಗಲು ನೋಡಿದ ನೀಲಿಯೇ ಬೇರೆ, ರಾತ್ರಿ ನೋಡಿದ ನೀಲಿಯೇ ಬೇರೆ. ಫೋಟೊ ಓರೆಯಾಗಿದ್ದರೆ, ಬಲ್ಬಿನ ಬೆಳಕಿಗೆ ಹಾಳೆ ಹಳದಿಯಾಗಿದ್ದರೆ ಅದು ಫೋಟೊ ತೆಗೆದ ದೊಡ್ಡವರ ತಪ್ಪು, ಅಂಕ ಕಳೆಯಬೇಡಿ. ತೀರಾ ಕಾಣದಿದ್ದರೆ ಇನ್ನೊಂದು ಫೋಟೊ ಕೇಳಿ.

ಕಥೆಗೆ ಅಂಕ

ಇಲ್ಲೊಂದು ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ: ಮೊದಲ ಸಲ ಪರದೆ ನೋಡದೆ ಕಿವಿಯಲ್ಲಿ ಮಾತ್ರ ಕೇಳಿ. ಕಥೆಯ ಹೆಣಿಗೆಗೆ 15, ದನಿಯ ಏರಿಳಿತ ಮತ್ತು ನಿಲುಗಡೆಗೆ 15, ಭಾಷೆಗೆ 10 ಅಂಕವನ್ನು ಆಗಲೇ ಬರೆದುಬಿಡಿ. ಆಮೇಲೆ ವಿಡಿಯೊ ನೋಡಿ ಹಾವಭಾವಕ್ಕೆ 10 ಕೊಡಿ. ಬಾಡಿಗೆಗೆ ತಂದ ಕಿರೀಟ, ಹಿಂದೆ ಕಟ್ಟಿದ ಪರದೆ ಇವು ಅಂಕಕ್ಕೆ ಕೈ ಹಾಕುವುದನ್ನು ತಪ್ಪಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಎಲ್ಲವನ್ನೂ ಎರಡೆರಡು ಸಲ ನೋಡುವಷ್ಟು ಹೊತ್ತಿಲ್ಲದಿದ್ದರೆ ಕೊನೆಯ ಸುತ್ತಿಗೆ ಬಂದ 20ಕ್ಕಾದರೂ ಹೀಗೆ ಮಾಡಿ.

ಭಾಷೆಗೆ ಅಂಕ ಎಂದರೆ ಪುಸ್ತಕದ ಕನ್ನಡಕ್ಕೆ ಅಂಕ ಅಲ್ಲ. ಧಾರವಾಡದ ಮಗು ‘ಹೋಗ್ತೈತಿ’ ಎಂದರೆ, ಮಂಗಳೂರಿನ ಮಗು ‘ಹೋಗ್ತದೆ’ ಎಂದರೆ, ಮಂಡ್ಯದ ಮಗು ‘ಹೋಯ್ತದೆ’ ಎಂದರೆ ಮೂರೂ ಸರಿಯೇ. ನೋಡಬೇಕಾದದ್ದು ಪದ ಆಯ್ಕೆ, ವಾಕ್ಯ ಮುಗಿಯುವ ರೀತಿ, ಪಾತ್ರಕ್ಕೆ ತಕ್ಕ ಮಾತು. ಹಾಗಾಗಿ ತೀರ್ಪುಗಾರರಲ್ಲಿ ಒಬ್ಬರಾದರೂ ಬೇರೆ ಸೀಮೆಯವರಿರಲಿ. ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ‘ಳ’, ‘ಣ’ ತೊಡರುವುದುಂಟು. ಅವರಿಗೆ ಪ್ರತ್ಯೇಕ ಗುಂಪು ಮಾಡುತ್ತೀರೋ, ಒಂದೇ ಗುಂಪಿನಲ್ಲಿಟ್ಟು ಉಚ್ಚಾರಕ್ಕೆ ಇಂತಿಷ್ಟೇ ಅಂಕ ಎನ್ನುತ್ತೀರೋ ಮೊದಲೇ ತೀರ್ಮಾನವಾಗಲಿ.

ಕಥೆ ಹೇಳುವುದಕ್ಕೂ ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸ ನಿಲುಗಡೆಯಲ್ಲಿ ಸಿಗುತ್ತದೆ. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಹೊರಡುವ ಕಡೆ ಹೇಳುವ ಮಗು ಒಂದು ಕ್ಷಣ ತಡೆಯುತ್ತದೆ. ಕಂಠಪಾಠ ಒಪ್ಪಿಸುವ ಮಗು ಉಸಿರು ಮುಗಿದಲ್ಲಿ ನಿಲ್ಲುತ್ತದೆ, ಹುಲಿಯ ಮಾತಿನ ನಡುವೆಯಾದರೂ ಸರಿ. ಕಣ್ಣು ಒಂದೇ ಕಡೆ ಎಡದಿಂದ ಬಲಕ್ಕೆ ಓಡುತ್ತಿದ್ದರೆ ಕ್ಯಾಮೆರಾದ ಹಿಂದೆ ಬರೆದ ಹಾಳೆ ಇದೆ ಎಂದರ್ಥ. ಕೊನೆಯಲ್ಲಿ ‘ಈ ಕಥೆಯ ನೀತಿ ಏನೆಂದರೆ’ ಎಂದು ಹೇಳಿದ್ದಕ್ಕೆ ಪ್ರತ್ಯೇಕ ಅಂಕ ಇಲ್ಲ, ಹೇಳದಿದ್ದರೆ ಕಡಿತವೂ ಇಲ್ಲ.

ಮೂರು ನಿಮಿಷಕ್ಕೆ ಹತ್ತು ಸೆಕೆಂಡು ರಿಯಾಯಿತಿ ಕೊಟ್ಟು, ಮುಂದಿನ ಪ್ರತಿ ಹತ್ತು ಸೆಕೆಂಡಿಗೆ ಒಂದು ಅಂಕ ಕಳೆಯಿರಿ. ಈ ಕೆಲಸ ಸಂಯೋಜಕರದು, ತೀರ್ಪುಗಾರರದಲ್ಲ. ಹಿನ್ನೆಲೆ ಸಂಗೀತ ಮತ್ತು ಕತ್ತರಿಸಿ ಜೋಡಿಸಿದ ವಿಡಿಯೊ ಬೇಡ ಎಂದು ನಿಯಮದಲ್ಲೇ ಇರಲಿ.

ಬಿಡಿಸಿದ್ದು ಯಾರು?

ಅಪ್ಪ-ಅಮ್ಮನ ಕೈ ಸುಲಭವಾಗಿ ಕಾಣುತ್ತದೆ: ಹೊರಗೆರೆ ಒಂದೇ ಏಟಿಗೆ ಎಳೆದಷ್ಟು ಸ್ಥಿರ, ಒಳಗಿನ ಕ್ರೇಯಾನ್ ಮಾತ್ರ ಆರು ವರ್ಷದ ಕೈಯದು. ಎಐ ಚಿತ್ರ ಹಾಗಲ್ಲ. ಅಂಗಡಿ ಬೋರ್ಡಿನ ಕನ್ನಡ ಅಕ್ಷರಗಳು ಅಕ್ಷರಗಳಂತೆ ಕಂಡರೂ ಓದಲು ಬಾರದಿದ್ದರೆ ಅನುಮಾನ ಪಡಬಹುದು. ಆದರೆ ಹೊಸ ತಂತ್ರಾಂಶಗಳಲ್ಲಿ ಈ ಸುಳಿವೂ ಕಡಿಮೆಯಾಗುತ್ತಿದೆ. ಕಣ್ಣನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡವರ ಸ್ಪರ್ಧೆಗಳಲ್ಲೇ ಉದಾಹರಣೆ ಇದೆ. 2022ರಲ್ಲಿ ಅಮೆರಿಕದ ಕೊಲರಾಡೊ ಸ್ಟೇಟ್ ಫೇರ್‌ನಲ್ಲಿ ಮಿಡ್‌ಜರ್ನಿ ಎಂಬ ಎಐ ತಂತ್ರಾಂಶದಿಂದ ಮಾಡಿದ ಚಿತ್ರ ಡಿಜಿಟಲ್ ಕಲೆಯ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. 2024ರಲ್ಲಿ ಇದಕ್ಕೆ ತಿರುಗುಮುರುಗು ಆಯಿತು: ಎಐ ಚಿತ್ರಗಳ ವಿಭಾಗಕ್ಕೆ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಕ್ಯಾಮೆರಾದಲ್ಲೇ ತೆಗೆದ ಫ್ಲೆಮಿಂಗೊ ಫೋಟೊ ಕಳಿಸಿ ಬಹುಮಾನ ಗೆದ್ದರು, ನಿಜ ಹೇಳಿದ ಮೇಲೆ ಅನರ್ಹರಾದರು.

ಎಐ ಪತ್ತೆ ಮಾಡುತ್ತೇವೆನ್ನುವ ತಂತ್ರಾಂಶಗಳು ಮಗು ತಾನೇ ಬಿಡಿಸಿದ್ದನ್ನೂ ಯಂತ್ರದ್ದು ಎನ್ನುವುದುಂಟು. ಅದೊಂದನ್ನೇ ನೆಚ್ಚಿ ಯಾರನ್ನೂ ಅನರ್ಹಗೊಳಿಸಬೇಡಿ. ಅದಕ್ಕಿಂತ ಎಂಟ್ರಿಯ ಜೊತೆಗೇ ಎರಡು ಫೋಟೊ ಕೇಳಿ: ಪೆನ್ಸಿಲ್ ಕೆಲಸ ಮುಗಿದಾಗ ಒಂದು, ಬಣ್ಣ ಅರ್ಧವಾದಾಗ ಒಂದು. ಕೊನೆಯ ಸುತ್ತಿಗೆ ಬಂದ ಚಿತ್ರಗಳನ್ನು ಗೂಗಲ್ ಲೆನ್ಸಿನಲ್ಲಿ ಹುಡುಕಿದರೆ ನಕಲು ಸಿಕ್ಕಿಬೀಳುವುದುಂಟು. ಬಹುಮಾನಕ್ಕೆ ಬಂದ ಮಕ್ಕಳ ಜೊತೆ ಹತ್ತು ನಿಮಿಷ ವಿಡಿಯೊ ಕರೆಯಲ್ಲಿ ಮಾತಾಡಿ, ಅದೇ ಚಿತ್ರದ ಒಂದು ಮೂಲೆಯನ್ನು ಮತ್ತೆ ಬಿಡಿಸಲು ಹೇಳಿ. ಪರೀಕ್ಷೆಯ ಧಾಟಿ ಬೇಡ, ಪೋಷಕರು ಪಕ್ಕದಲ್ಲಿರಲಿ.

ಕೂಡಿಸಿದರೆ ಏಕೆ ತಪ್ಪುತ್ತದೆ

ಮೊದಲು ಎಲ್ಲ ತೀರ್ಪುಗಾರರೂ ಒಂದೇ ಹತ್ತು ಎಂಟ್ರಿಗಳಿಗೆ ಬೇರೆ ಬೇರೆ ಕೂತು ಅಂಕ ಹಾಕಲಿ. ಯಾವುದರಲ್ಲಿ 8ಕ್ಕಿಂತ ಹೆಚ್ಚು ಅಂತರ ಬಂತೋ ಅದನ್ನು ಮಾತ್ರ ಚರ್ಚಿಸಿ. ಅರ್ಧ ಗಂಟೆಯ ಕೆಲಸ, ಉಳಿಸುವ ಜಗಳ ಬಹಳ. ಆಮೇಲೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಶೀಟ್. ಒಂದೇ ಶೀಟ್ ಹಂಚಿಕೊಂಡರೆ ಎರಡನೆಯವರು ಮೊದಲಿನವರ ಅಂಕ ನೋಡಿಯೇ ಬರೆಯುತ್ತಾರೆ.

ಇಷ್ಟಾದರೂ ಕೊನೆಯ ಲೆಕ್ಕದಲ್ಲಿ ಒಂದು ತೊಡಕು ಇದೆ. ಕೊನೆಯ ಸುತ್ತಿನ ಮೂರು ಚಿತ್ರ, ಮೂವರು ತೀರ್ಪುಗಾರರು, 50ಕ್ಕೆ ಅಂಕ ಎನ್ನಿ. ಚಿ-14ಕ್ಕೆ 38, 37, 22. ಚಿ-31ಕ್ಕೆ 35, 34, 44. ಚಿ-52ಕ್ಕೆ 36, 36, 30. ಕೂಡಿಸಿ: 97, 113, 102. ಚಿ-31 ಗೆದ್ದಿತು. ಆದರೆ ಮತ್ತೊಮ್ಮೆ ನೋಡಿ. ಮೊದಲ ಇಬ್ಬರಿಗೂ ಚಿ-14 ಮೊದಲನೆಯದು, ಚಿ-31 ಕೊನೆಯದು. ಮೂರನೆಯವರು ಒಬ್ಬರೇ ಇದಕ್ಕೆ ವಿರುದ್ಧ. ಇಬ್ಬರು 34ರಿಂದ 38ರೊಳಗೆ ಬಿಗಿಹಿಡಿದು ಅಂಕ ಹಾಕಿದರು, ಇನ್ನೊಬ್ಬರು 22ರಿಂದ 44ರವರೆಗೆ ಕೈ ಚಾಚಿದರು. ಮೊತ್ತವನ್ನು ನಿರ್ಧರಿಸಿದ್ದು ಆ ಒಂದು ಕೈ. ಸ್ಥಾನಗಳನ್ನು ಕೂಡಿಸಿದರೆ ಚಿ-14ಕ್ಕೆ 1+1+3=5, ಚಿ-52ಕ್ಕೆ 2+2+2=6, ಚಿ-31ಕ್ಕೆ 3+3+1=7. ಕಡಿಮೆ ಮೊತ್ತದ ಚಿ-14ಕ್ಕೆ ಮೊದಲ ಸ್ಥಾನ.

ಹಾಗಾಗಿ ಎಲ್ಲರೂ ಎಲ್ಲವನ್ನೂ ನೋಡುವ ಕೊನೆಯ ಸುತ್ತಿನಲ್ಲಿ ಸ್ಥಾನ ಕೂಡಿಸುವುದೇ ನ್ಯಾಯ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರ ಪಾಲಿಗೆ ಬೇರೆ ಬೇರೆ ಎಂಟ್ರಿ ಬರುವುದರಿಂದ ಅದು ಆಗದು. ಅಲ್ಲಿ ಪ್ರತಿ ಅಂಕದಿಂದ ಆ ತೀರ್ಪುಗಾರರ ಸರಾಸರಿಯನ್ನು ಕಳೆದು, ಬಂದದ್ದನ್ನು ಅವರ ಅಂಕಗಳ ಪ್ರಮಾಣ ವಿಚಲನೆಯಿಂದ (ಅಂಕಗಳು ಸರಾಸರಿಯ ಆಚೀಚೆ ಎಷ್ಟು ಚದುರಿವೆ ಎಂಬ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಶನ್) ಭಾಗಿಸಿ. ಎಕ್ಸೆಲ್ಲಿನಲ್ಲಿ ಎರಡು ಸೂತ್ರದ ಕೆಲಸ. ಎಂಟ್ರಿಗಳನ್ನು ಚೀಟಿ ಎತ್ತಿದಂತೆ ಹಂಚಿದ್ದರೆ ಮಾತ್ರ ಇದು ಸರಿಹೋಗುತ್ತದೆ. ಚಿಕ್ಕ ಮಕ್ಕಳದೆಲ್ಲ ಒಬ್ಬರಿಗೆ, ದೊಡ್ಡವರದೆಲ್ಲ ಇನ್ನೊಬ್ಬರಿಗೆ ಕೊಟ್ಟು ಈ ಲೆಕ್ಕ ಹಾಕಿದರೆ ಅರ್ಥವಿಲ್ಲ.

ಶೀಟಿನಲ್ಲಿ ಆಗುವ ಎರಡು ಅನಾಹುತಗಳ ಬಗ್ಗೆ ಎಚ್ಚರವಿರಲಿ. ಅಂಕ ಹಾಕಲು ಮರೆತ ಖಾಲಿ ಕೋಶವನ್ನು ಸರಾಸರಿಯ ಸೂತ್ರ ಬಿಟ್ಟು ಲೆಕ್ಕ ಮಾಡುತ್ತದೆ, ಮೊತ್ತದ ಸೂತ್ರದಲ್ಲಿ ಅದೇ ಕೋಶ ಸೊನ್ನೆಯಾಗುತ್ತದೆ. ಇನ್ನೊಂದು, ಒಂದೇ ಕಾಲಂ ಆಯ್ದು ಸಾರ್ಟ್ ಮಾಡಿದರೆ ಒಬ್ಬರ ಅಂಕ ಇನ್ನೊಬ್ಬರ ಸಂಖ್ಯೆಯ ಮುಂದೆ ಹೋಗಿ ಕೂರುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ. ಪ್ರಕಟಿಸುವ ಮುನ್ನ ಮೊದಲ ಹತ್ತು ಸ್ಥಾನಗಳನ್ನು ಮೂಲ ಶೀಟ್‌ಗಳ ಜೊತೆ ಕೈಯಲ್ಲೇ ತಾಳೆ ನೋಡಿ.

ತೀರ್ಪುಗಾರರ ಶಿಷ್ಯರು, ನೆಂಟರ ಮಕ್ಕಳು ಇದ್ದರೆ ಆ ಎಂಟ್ರಿ ಮೀಸಲು ತೀರ್ಪುಗಾರರಿಗೆ ಹೋಗಲಿ. ಸಮ ಬಂದರೆ ಕಲ್ಪನೆಯ ಅಂಕ ನೋಡಿ, ಕಥೆಯಲ್ಲಾದರೆ ಹೆಣಿಗೆಯದು. ಅದೂ ಸಮವಾದರೆ ಬಹುಮಾನ ಹಂಚಿ. ಲೈಕುಗಳನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ: ದೊಡ್ಡ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು ಇರುವ ಮಗುವೇ ಗೆಲ್ಲುತ್ತದೆ. ಬೇಕಿದ್ದರೆ ‘ಜನಮೆಚ್ಚುಗೆ’ ಎಂದು ಬೇರೆ ಬಹುಮಾನ ಇಡಿ.

ಫಲಿತಾಂಶದ ಜೊತೆಗೆ ಅಂಕ ಹಂಚಿಕೆಯನ್ನೂ ಪ್ರಕಟಿಸಿ, ಲೆಕ್ಕದ ತಪ್ಪು ಅಥವಾ ನಿಯಮ ಮೀರಿದ ದೂರಿಗೆ ಮೂರು ದಿನ ಕೊಡಿ. ತೀರ್ಪುಗಾರರ ಅಭಿರುಚಿಯ ಬಗ್ಗೆ ದೂರು ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮುಖ, ಪೂರ್ಣ ಹೆಸರು, ಶಾಲೆ ಮೂರನ್ನೂ ಒಂದೇ ಪೋಸ್ಟರಿನಲ್ಲಿ ಹಾಕಬೇಡಿ. ದೂರಿನ ಗಡುವು ಮುಗಿದ ಮೇಲೆ ಬಹುಮಾನ ಬಾರದ ಮಕ್ಕಳ ವಿಡಿಯೊಗಳನ್ನು ಅಳಿಸಿ, ತೀರ್ಪುಗಾರರ ಲ್ಯಾಪ್‌ಟಾಪಿನಲ್ಲಿ ಉಳಿದ ಪ್ರತಿಗಳನ್ನೂ.