ಸಿಮ್ಯುಲೇಟರ್‌ನಲ್ಲಿ ಲ್ಯಾಂಡಿಂಗ್ ಕೈಕೊಡ್ತಿದ್ರೆ ಮೊದಲು ಟ್ರಿಮ್ ಕಲಿಯಿರಿ

ಹೊಸದಾಗಿ ಫ್ಲೈಟ್ ಸಿಮ್ಯುಲೇಟರ್ ಶುರು ಮಾಡಿದವರಿಗೆ ಒಂದು ಮಾತು. ಮೊದಲ ದಿನವೇ ಬೋಯಿಂಗ್ 747 ಹತ್ತಬೇಡಿ. ಪುಟ್ಟ ವಿಮಾನ ಸೆಸ್ನಾ 172 ಸಾಕು.

ಟೇಕಾಫ್ ಯಾರಿಗಾದರೂ ಬರುತ್ತದೆ, ತಲೆನೋವು ಇಳಿಸೋದರಲ್ಲಿ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸಿದ ಕೂಡಲೇ ಮೂತಿ ಮೇಲೇಳುತ್ತದೆ, ನಾವು ಜಾಯ್‌ಸ್ಟಿಕ್ ಜೊತೆ ಗುದ್ದಾಡುತ್ತೇವೆ. ಅದರ ಬದಲು ಮೂತಿಯನ್ನು ಬೇಕಾದಲ್ಲಿ ನಿಲ್ಲಿಸಿ, ಸ್ಟಿಕ್ ಬಿಟ್ಟರೂ ಅಲ್ಲೇ ಇರುವ ತನಕ ಸ್ವಲ್ಪ ಸ್ವಲ್ಪವೇ ಟ್ರಿಮ್ ಕೊಡಿ. ಟ್ರಿಮ್ ಅಂದರೆ ಸ್ಟಿಕ್ ಒತ್ತಿ ಹಿಡಿಯದೆಯೇ ಮೂತಿಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಹೊಂದಾಣಿಕೆ. ಟ್ರಿಮ್‌ಗೆ ಕೈಗೆ ಸಿಗುವ ಎರಡು ಬಟನ್ ಇಟ್ಟುಕೊಳ್ಳಿ. ಕೊನೆಯ ಹಂತದಲ್ಲಿ ವೇಗ ಸುಮಾರು 65 ನಾಟ್. ವೇಗವನ್ನು ಮೂತಿಯಿಂದ, ಎತ್ತರವನ್ನು ಥ್ರಾಟಲ್‌ನಿಂದ (ಎಂಜಿನ್ ಶಕ್ತಿಯ ಹಿಡಿಕೆ) ಹಿಡಿದಿಡಿ. ನೆಲ ಹತ್ತಿರವಾದಾಗ ರನ್‌ವೇಯ ಆ ತುದಿ ನೋಡಿ, ಮೂಗಿನ ಕೆಳಗಲ್ಲ.

ಇನ್ನು ಸರಿಯಾಗಿ ಇಳಿಯುವ ಹೊತ್ತಿಗೇ ಚಿತ್ರ ತಡವರಿಸೋದು ಇದೆಯಲ್ಲ, ಅದರಷ್ಟು ಸಿಟ್ಟು ಬರಿಸೋದು ಇನ್ನೊಂದಿಲ್ಲ! ಮೋಡ ಮತ್ತು ಟ್ರಾಫಿಕ್ ಸೆಟ್ಟಿಂಗ್ ಇಳಿಸಿ ನೋಡಿ. ಮೈಕ್ರೋಸಾಫ್ಟ್‌ನ 2020ರ ಫ್ಲೈಟ್ ಸಿಮ್ಯುಲೇಟರ್ ಆಟಕ್ಕೆ 100 ಜಿಬಿಗಿಂತ ಜಾಸ್ತಿ ಜಾಗ ಬೇಕು. ದುಡ್ಡು ಹಾಕೋ ಮುಂಚೆ ಫ್ಲೈಟ್‌ಗಿಯರ್ ಅನ್ನೋ ಸಿಮ್ಯುಲೇಟರ್ ಪ್ರಯತ್ನಿಸಿ, ಅದು ಪೂರ್ತಿ ಉಚಿತ. ನೋಟ ಅಷ್ಟು ಚೆಂದವಿಲ್ಲ, ಆದರೆ ಕಲಿಯೋಕೆ ಧಾರಾಳ ಸಾಕು.

ಕೈ ಕುದುರಿದ ಮೇಲೆ ಮಂಗಳೂರಿಗೆ ಹೋಗಿ. ಬಜ್ಪೆ ಗುಡ್ಡದ ಮೇಲಿನ 2,450 ಮೀಟರ್ ರನ್‌ವೇ ಸೆಸ್ನಾಕ್ಕೆ ಬೇಕಾದಷ್ಟು ಉದ್ದ. ಆದರೆ ತುದಿಯಲ್ಲಿ ನೆಲ ಥಟ್ಟನೆ ಕೆಳಗಿಳಿಯೋದರಿಂದ ಎತ್ತರದ ಅಂದಾಜು ತಪ್ಪುತ್ತದೆ. ಕಣ್ಣನ್ನು ನಂಬದೆ ಎತ್ತರ ತೋರಿಸುವ ಆಲ್ಟಿಮೀಟರ್ ನೋಡಿಕೊಂಡೇ ಇಳಿಯಿರಿ.