ತಪಾಸಣೆ ಮಕ್ಕಳ ಕೈಗೇ ಕೊಟ್ಟೆ: ಸೋಷಿಯಲ್ ಮೀಡಿಯಾದಲ್ಲಿ ನನ್ನ ಅನುಭವ

ಮಕ್ಕಳ ಮೇಲೆ ಕಣ್ಣಿಡುವ ಆ್ಯಪ್ ತೆಗೆದು ಹಾಕಿದೆ ಅಂದಾಗ ನಮ್ಮಣ್ಣ ನನ್ನನ್ನು ಬೈದಿದ್ದ. ಅವನು ಸಾಫ್ಟ್‌ವೇರ್ ಕೆಲಸದವನು, ಅವನ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ. ಮಗಳ ಗೆಳತಿಯರ ಅಮ್ಮಂದಿರೂ ‘ಮಕ್ಕಳಿಗೆ ಇಷ್ಟು ಸಲಿಗೆ ಕೊಟ್ಟರೆ ಆಮೇಲೆ ಅನುಭವಿಸ್ತೀರಿ’ ಅಂದರು. ಅದಾಗಿ ಎರಡು ವರ್ಷದ ಮೇಲಾಯಿತು. ಈಗ ಅದೇ ಅಣ್ಣ ‘ನಿನ್ನ ಮಕ್ಕಳ ಹತ್ರ ಏನು ಮಾಡಿಸ್ತೀಯೋ ಅದನ್ನ ನನ್ನ ಮಗನಿಗೂ ಕಲಿಸು’ ಅನ್ನುತ್ತಿದ್ದಾನೆ. ಅಮ್ಮಂದಿರಲ್ಲೂ ನಾಲ್ಕೈದು ಜನ ಕೇಳಿದರು. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನಿಸಿತು. ಅಕೌಂಟ್ ಪ್ರೈವೇಟ್ ಮಾಡೋದು, ಎರಡು ಹಂತದ ಲಾಗಿನ್ ಹಾಕೋದು, ಬ್ಲಾಕ್ ಮಾಡೋದು ನಿಮಗೆಲ್ಲ ಗೊತ್ತಿರುತ್ತದೆ. ಅದನ್ನು ಮತ್ತೆ ಹೇಳುವುದಿಲ್ಲ.

ಮೊದಲು ದುಡ್ಡಿನ ವಿಷಯ. ಮಕ್ಕಳ ಮೆಸೇಜ್ ಓದಿ ನಮಗೆ ಸುದ್ದಿ ಕೊಡುವ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ. ಎರಡನೇ ಫೋನಿಗೆ ಬೇರೆ ದುಡ್ಡು. ಆಮೇಲೆ ಮನೆಯ ವೈಫೈಗೆ ಸಿಕ್ಕಿಸುವ ಒಂದು ಪೆಟ್ಟಿಗೆ ಬಂತು, ಬೇಡದ ಸೈಟ್‌ಗಳನ್ನು ತಡೆಯುತ್ತದೆ ಅಂತ. ಮಾರನೇ ವರ್ಷ ಆ್ಯಪ್‌ನವರು ಹೇಳದೆ ಕೇಳದೆ ಚಂದಾ ಮತ್ತೆ ಕತ್ತರಿಸಿಕೊಂಡರು. ಜಗಳ ಆಡಿ ಅರ್ಧ ವಾಪಸ್ ಪಡೆದೆ. ಎಲ್ಲ ಸೇರಿಸಿದರೆ ಒಂದು ಸಾಧಾರಣ ಹೊಸ ಫೋನ್ ಬರುವಷ್ಟು ಹಣ.

ಅಷ್ಟು ಕೊಟ್ಟು ಸಿಕ್ಕಿದ್ದೇನು? ದಿನಕ್ಕೆ 40-50 ಎಚ್ಚರಿಕೆ. ಅದರಲ್ಲಿ ಮುಕ್ಕಾಲು ಪಾಲು ಮಗ ಗೇಮ್ ಆಡುವಾಗ ಗೆಳೆಯನಿಗೆ ‘ಕಿಲ್ ಹಿಮ್’ ಅಂತ ಬರೆದದ್ದು. ನಿಜವಾಗಿ ನೋಡಬೇಕಾದ ಮಾತುಗಳು ಮಾತ್ರ ಅದಕ್ಕೆ ಕಾಣುತ್ತಲೇ ಇರಲಿಲ್ಲ. ನಮ್ಮ ಮಕ್ಕಳು ಚಾಟ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಆ ಆ್ಯಪ್‌ಗೆ ಅದು ಯಾವ ಭಾಷೆ ಅಂತಲೇ ತಿಳಿಯುತ್ತಿರಲಿಲ್ಲ. ವೈಫೈ ಪೆಟ್ಟಿಗೆಯ ಕಥೆ ಇನ್ನೂ ಚಿಕ್ಕದು. ಮೊಬೈಲ್ ಡೇಟಾ ಆನ್ ಮಾಡಿದರೆ ಅದರ ಕೆಲಸ ಮುಗಿಯಿತು. ನನಗೆ ನಿಜವಾಗಿ ಕಸಿವಿಸಿ ಆದದ್ದು ಬೇರೆ ಕಾರಣಕ್ಕೆ. ಮಗಳು ಗೆಳತಿಗೆ ಹೇಳಿಕೊಂಡ ಗುಟ್ಟು, ಅದರ ಸ್ಕ್ರೀನ್‌ಶಾಟ್ ಸಮೇತ, ಯಾವುದೋ ಕಂಪನಿಯ ಸರ್ವರ್‌ನಲ್ಲಿ ಹೋಗಿ ಕೂರುತ್ತಿತ್ತು. ಮಗಳ ಖಾಸಗಿತನ ಕಾಯಲು ಅಂತ ಹಾಕಿದ ಆ್ಯಪ್ ಅದು! ಅವತ್ತೇ ತೆಗೆದೆ.

ಆಮೇಲೆ ಹಿಡಿದ ದಾರಿ ತುಂಬಾ ಸರಳ. ತಿಂಗಳಿಗೊಮ್ಮೆ, ಹೆಚ್ಚುಕಮ್ಮಿ, ಮೂವರೂ ಲ್ಯಾಪ್‌ಟಾಪ್ ಮುಂದೆ ಕೂರುತ್ತೇವೆ. ಮಗಳ ಖಾತೆಯನ್ನು ಮಗ ಹುಡುಕಬೇಕು, ಮಗನದ್ದನ್ನು ಮಗಳು. ನಾನು ನೋಟ್‌ಬುಕ್ ಹಿಡಿದು ಬರೆದುಕೊಳ್ಳುವವಳು ಮಾತ್ರ. ಗೊತ್ತಿಲ್ಲದ ಒಬ್ಬ ಮನುಷ್ಯನಿಗೆ ಅರ್ಧ ಗಂಟೆಯಲ್ಲಿ ಇವರ ಬಗ್ಗೆ ಏನೇನು ಸಿಗುತ್ತದೆ ಅನ್ನುವುದೇ ಆಟ. ಇದಕ್ಕೆ ಸುಳ್ಳು ಖಾತೆ ತೆರೆಯಬೇಡಿ. ಲಾಗಿನ್ ಆಗದ ಒಂದು ಬ್ರೌಸರ್, ಮಕ್ಕಳ ಜೊತೆ ಯಾವ ಸಂಬಂಧವೂ ಇಲ್ಲದ ಒಬ್ಬ ದೊಡ್ಡವರ ಖಾತೆ, ಇಷ್ಟೇ ಸಾಕು. ನನ್ನ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕೂತು ತಮ್ಮ ಖಾತೆಯಿಂದ ಸಹಾಯ ಮಾಡುತ್ತಾರೆ.

ಅಣ್ಣತಂಗಿ, ಅಕ್ಕತಮ್ಮ ಇರುವ ಮನೆಯವರು ಇದನ್ನು ಗಮನಿಸಿ. ನಾನು ಹುಡುಕಿ ತೋರಿಸಿದ್ದರೆ ಅದು ಬೈಗುಳ ಆಗುತ್ತಿತ್ತು. ತಮ್ಮ ಹುಡುಕಿದ್ದಕ್ಕೆ ಮಗಳಿಗೆ ಛಲ ಬಂತು. ‘ಮುಂದಿನ ಸಲ ನಿನಗೆ ಏನೂ ಸಿಗಬಾರದು, ನೋಡ್ತಿರು’ ಅಂದಳು. ನನಗೆ ಬೇಕಿದ್ದದ್ದೂ ಅಷ್ಟೇ ಅಲ್ವಾ?

ಮೊದಲ ಸಲ ಸಿಕ್ಕಿದ್ದು ನೋಡಿ ನಾವೆಲ್ಲ ಸುಮ್ಮನಾದೆವು. ಮಗಳ ಅಕೌಂಟ್ ಪ್ರೈವೇಟ್ ಆಗಿಯೇ ಇತ್ತು. ಆದರೂ ಪ್ರೊಫೈಲ್ ಫೋಟೋ, ಬಯೋ, ಯೂಸರ್‌ನೇಮ್ ಎಲ್ಲರಿಗೂ ಕಾಣುತ್ತವೆ. ಯೂಸರ್‌ನೇಮ್‌ನಲ್ಲೇ ಹುಟ್ಟಿದ ವರ್ಷ ಇತ್ತು. ಅದೇ ಹೆಸರನ್ನು ಸರ್ಚ್‌ಗೆ ಹಾಕಿದರೆ ಅವಳು ಮರೆತೇ ಹೋಗಿದ್ದ ಒಂದು ಗೇಮ್ ಖಾತೆ, ಒಂದು ಡ್ರಾಯಿಂಗ್ ಸೈಟ್, ಎರಡೂ ಬಂದವು. ಡ್ರಾಯಿಂಗ್ ಸೈಟ್‌ನಲ್ಲಿ ಪೂರ್ತಿ ಹೆಸರು. ಅವಳ ಕ್ಲಾಸಿನ ಮಕ್ಕಳು ನಡೆಸುವ ಒಂದು ಪೇಜ್ ಎಲ್ಲರಿಗೂ ತೆರೆದಿತ್ತು. ಅದರ ಫಾಲೋವರ್ಸ್ ಪಟ್ಟಿ ತೆಗೆದರೆ ಇಡೀ ಕ್ಲಾಸ್ ಅಲ್ಲಿದೆ, ಇವಳೂ ಇದ್ದಾಳೆ. ಡ್ಯಾನ್ಸ್ ಕ್ಲಾಸ್‌ನವರ ಪೋಸ್ಟ್ ಕೆಳಗೆ ಇವಳ ಕಾಮೆಂಟ್: ‘ಮಿಸ್, ಶನಿವಾರ ಐದಕ್ಕೇ ಬರಬೇಕಾ?’ ಅಕೌಂಟ್ ಪ್ರೈವೇಟ್ ಆಗಿದ್ದರೂ ತೆರೆದ ಪೋಸ್ಟ್ ಕೆಳಗೆ ಹಾಕಿದ ಕಾಮೆಂಟ್ ಎಲ್ಲರಿಗೂ ತೆರೆದೇ ಇರುತ್ತದೆ. ಕೊನೆಗೆ ಅವಳ ಚಿಕ್ಕಮ್ಮನ ಖಾತೆಯಲ್ಲಿ ಹುಟ್ಟುಹಬ್ಬದ ಫೋಟೋ, ತಾರೀಖು, ಇವಳ ಟ್ಯಾಗ್. ಇನ್ನೊಂದು ಫೋಟೋದಲ್ಲಿ ಯೂನಿಫಾರ್ಮ್ ಮೇಲಿನ ಬ್ಯಾಡ್ಜ್. ಹೆಸರು, ಹುಟ್ಟಿದ ದಿನ, ಶಾಲೆ, ಶನಿವಾರ ಸಂಜೆ ಎಲ್ಲಿರುತ್ತಾಳೆ ಅನ್ನುವುದು, ಇಷ್ಟೂ ಅರ್ಧ ಗಂಟೆಯೊಳಗೆ. ಯಾವ ಹ್ಯಾಕಿಂಗೂ ಬೇಕಾಗಲಿಲ್ಲ.

ಎರಡನೇ ಸಲ ಕೂತಾಗ ವಯಸ್ಸಿನ ವಿಷಯ ಹೊರಬಂತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಬಹಳ ಮನೆಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ದೊಡ್ಡ ಸೈಟ್‌ಗಳು 13 ವರ್ಷ ಅನ್ನುವ ಗೆರೆ ಇಟ್ಟುಕೊಂಡಿವೆ. ಅದಕ್ಕೆ ಮೂಲ ಅಮೆರಿಕದಲ್ಲಿ 1998ರಲ್ಲಿ ಬಂದ ಮಕ್ಕಳ ಮಾಹಿತಿ ರಕ್ಷಣೆಯ ಕಾನೂನು. 13ರ ಒಳಗಿನವರ ಮಾಹಿತಿಯನ್ನು ತಂದೆತಾಯಿಯ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಬಾರದು ಅನ್ನುತ್ತದೆ ಅದು. 13ಕ್ಕೆ ಮಕ್ಕಳಿಗೆ ಬುದ್ಧಿ ಬಂದಿರುತ್ತದೆ ಅಂತ ಯಾರೂ ಅಳೆದು ನೋಡಿ ಇಟ್ಟ ಗೆರೆ ಅಲ್ಲ. ಮಕ್ಕಳು ಆ ಗೆರೆ ದಾಟಲು ಹುಟ್ಟಿದ ವರ್ಷ ಬದಲಾಯಿಸುತ್ತಾರೆ. ಮಗಳು 11ರಲ್ಲಿ ಸೋದರತ್ತೆ ಮಗಳ ಫೋನಿನಲ್ಲಿ ಖಾತೆ ತೆರೆದಾಗ 16 ಅಂತ ಹಾಕಿದ್ದಳು. ಲೆಕ್ಕ ಹಾಕಿ. ಅವಳಿಗೆ 13 ತುಂಬಿದಾಗ ಸೈಟ್‌ನ ಕಣ್ಣಿಗೆ ಅವಳು 18ರ ಹೆಂಗಸು. ಇನ್‌ಸ್ಟಾಗ್ರಾಮ್ 2024ರ ಸೆಪ್ಟೆಂಬರ್‌ನಲ್ಲಿ ಹದಿಹರೆಯದವರಿಗೆ ಅಂತ ಬೇರೆ ಖಾತೆ ತಂದಿತು. ಅದರಲ್ಲಿ ಮೊದಲಿನಿಂದಲೇ ಪ್ರೈವೇಟ್, ಪರಿಚಯ ಇಲ್ಲದವರು ಮೆಸೇಜ್ ಮಾಡುವಂತಿಲ್ಲ, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ನೋಟಿಫಿಕೇಶನ್ ಬಂದ್, 16ರ ಒಳಗಿನವರು ಅದನ್ನು ಸಡಿಲ ಮಾಡಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಇವಳ ಖಾತೆಗೆ ಅದರಲ್ಲಿ ಒಂದೂ ಬರಲಿಲ್ಲ. ಹೇಗೆ ಬರುತ್ತದೆ? ಅವಳು ಅಲ್ಲಿ ದೊಡ್ಡವಳು.

ಅಷ್ಟು ಹೊತ್ತಿಗೆ ಅವಳಿಗೆ ನಿಜವಾಗಿಯೂ 14 ದಾಟಿತ್ತು. ಹಳೆಯದನ್ನು ಅಳಿಸಿ ಸರಿಯಾದ ಹುಟ್ಟಿದ ದಿನ ಹಾಕಿ ಹೊಸದು ತೆರೆದೆವು. ಫಾಲೋವರ್ಸ್ ಹೋದರು ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಹಳೆಯದರಲ್ಲಿ 350ರ ಆಸುಪಾಸು ಜನ ಇದ್ದರು. ಹೊಸದಕ್ಕೆ ಒಂದೇ ನಿಯಮ ಹಾಕಿಕೊಂಡಳು: ಮುಖ ನೋಡಿ ಮಾತಾಡಿದವರು ಮಾತ್ರ. ಈಗ ಸುಮಾರು 70 ಇರಬಹುದು. ಹಳೆಯ ಖಾತೆಯನ್ನೇ ಉಳಿಸಿಕೊಳ್ಳುವವರು ಒಂದು ಮಾತು ನೆನಪಿಡಿ. ಪ್ರೈವೇಟ್ ಮಾಡಿದ ಕೂಡಲೇ ಮೊದಲೇ ಒಳಗಿರುವವರು ಹೊರಗೆ ಹೋಗುವುದಿಲ್ಲ. ಒಬ್ಬೊಬ್ಬರನ್ನೇ ತೆಗೆಯಬೇಕು. ತೆಗೆದರೆ ಅವರಿಗೆ ನೋಟಿಫಿಕೇಶನ್ ಹೋಗುವುದಿಲ್ಲ, ಹೆದರಬೇಡಿ.

ಗೆಳತಿಯ ಹೆಸರು, ಗೆಳತಿಯ ಫೋಟೋ ಇಟ್ಟುಕೊಂಡು ‘ಇದು ನನ್ನ ಹೊಸ ಅಕೌಂಟ್’ ಅಂತ ರಿಕ್ವೆಸ್ಟ್ ಬಂದರೆ ಏನು ಮಾಡೋದು? ಅದಕ್ಕೆ ನಾವು ಮೂವರೂ ಸೇರಿ ಒಂದು ಪ್ರಶ್ನೆ ಕಟ್ಟಿದ್ದೇವೆ. ಇದುವರೆಗೆ ಎರಡು ಮೂರು ಕಳ್ಳ ಖಾತೆಗಳು ಅದರಲ್ಲಿ ಸಿಕ್ಕಿಬಿದ್ದಿವೆ. ಆ ಪ್ರಶ್ನೆ ಏನು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಕೆಲಸಕ್ಕೆ ಬಾರದು. ನಿಮ್ಮ ಮನೆಗೆ ನೀವೇ ಒಂದು ಕಟ್ಟಿಕೊಳ್ಳಿ, ಉತ್ತರ ಯಾರ ಪ್ರೊಫೈಲ್‌ನಲ್ಲೂ ಇರದಂತೆ ನೋಡಿಕೊಂಡರೆ ಆಯಿತು.

ನಡುವೆ ಮಗನಿಗೆ ಫೋಟೋ ಹುಚ್ಚು ಹತ್ತಿತು. ಫೋಟೋದೊಳಗೆ ತೆಗೆದ ಜಾಗ ದಾಖಲಾಗಿರುತ್ತದೆ ಅಂತ ಎಲ್ಲೋ ಕೇಳಿಕೊಂಡು ಬಂದಿದ್ದ. ಒಂದೇ ಫೋಟೋವನ್ನು ನನಗೆ ವಾಟ್ಸಾಪ್‌ನಲ್ಲಿ ಎರಡು ರೀತಿ ಕಳಿಸಿ ನೋಡಿದ. ಮಾಮೂಲಿ ಫೋಟೋ ಆಗಿ ಕಳಿಸಿದ್ದರಲ್ಲಿ ಜಾಗದ ವಿವರ ಇರಲಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದ್ದರಲ್ಲಿ ಹಾಗೇ ಇತ್ತು, ಮ್ಯಾಪ್‌ನಲ್ಲಿ ಹಾಕಿದರೆ ನಮ್ಮ ಮನೆಯ ಮೇಲೇ ಚುಕ್ಕಿ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಬಂದ್ ಮಾಡಿದೆವು. ಅವನು ಅಲ್ಲಿಗೇ ಬಿಡಲಿಲ್ಲ. ಅಕ್ಕ ಕಿಟಕಿ ಪಕ್ಕ ನಿಂತು ತೆಗೆದ ಸೆಲ್ಫಿಯಲ್ಲಿ ಹಿಂದೆ ಕಾಣುವ ಬೋರ್ಡ್ ಹಿಡಿದು, ಮ್ಯಾಪ್‌ನ ಬೀದಿ ಚಿತ್ರ ನೋಡಿ, ಯಾವ ಮಹಡಿ ಅಂತಲೂ ಹೇಳಿದ. 13 ವರ್ಷದ ಹುಡುಗನಿಗೆ ಆಗುವುದು ಬೇರೆಯವರಿಗೆ ಆಗದೇ ಇರುತ್ತದಾ? ಈಗ ಅವಳು ಫೋಟೋ ಹಾಕುವ ಮೊದಲು ಹಿಂದೆ ಏನಿದೆ ಅಂತ ನೋಡುತ್ತಾಳೆ. ಹೋದ ಜಾಗದ ಫೋಟೋವನ್ನು ಮನೆಗೆ ಬಂದ ಮೇಲೆ ಹಾಕುತ್ತಾಳೆ. ಸ್ನ್ಯಾಪ್‌ಚಾಟ್ ಮ್ಯಾಪ್‌ನಲ್ಲಿ ತಾನಿರುವ ಜಾಗ ಗೆಳೆಯರಿಗೆ ಕಾಣದಂತೆ ಮಾಡುವ ಘೋಸ್ಟ್ ಮೋಡ್ ಅವಳೇ ಹಾಕಿಕೊಂಡಳು, ನಾನು ಹೇಳಲಿಲ್ಲ. ಫೋನಿನಲ್ಲಿರುವ ನಂಬರುಗಳನ್ನು ಆ್ಯಪ್‌ಗೆ ಕೊಡುವ ಕಾಂಟ್ಯಾಕ್ಟ್ ಸಿಂಕ್ ಕೂಡ ಬಂದ್ ಆಯಿತು. ಅದಕ್ಕೆ ಮೊದಲು ನಮ್ಮ ಹಳೇ ಪ್ಲಂಬರ್‌ಗೆ ಮಗಳ ಖಾತೆ ‘ನಿಮಗೆ ಪರಿಚಯ ಇರಬಹುದು’ ಅಂತ ಹೋಗುತ್ತಿತ್ತು.

ಇಷ್ಟೆಲ್ಲ ಆದರೂ ಅಣ್ಣನ ತಕರಾರು ಒಂದೇ: ‘ಒಳಗೆ ಏನು ಮಾತಾಡ್ತಾರೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?’ ಗೊತ್ತಾಗುವುದಿಲ್ಲ. ಅದಕ್ಕೆ ಬದಲಾಗಿ ನಾನು ಮಕ್ಕಳಿಗೆ ಒಂದು ಮಾತು ಕೊಟ್ಟಿದ್ದೇನೆ. ಏನೇ ಬಂದು ಹೇಳಿದರೂ ಫೋನ್ ಕಿತ್ತುಕೊಳ್ಳುವುದಿಲ್ಲ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿದ್ದೇನೆ. ನನ್ನ ಇಡೀ ವಿಧಾನದಲ್ಲಿ ಕೆಲಸ ಮಾಡಿದ್ದು ಇದೇ ಅಂತ ನನ್ನ ನಂಬಿಕೆ. ಮಕ್ಕಳನ್ನು ಬ್ಲ್ಯಾಕ್‌ಮೇಲ್ ಮಾಡುವವರ ಬಂಡವಾಳವೇ ‘ನಿಮ್ಮಪ್ಪ ಅಮ್ಮನಿಗೆ ಹೇಳ್ತೀನಿ’ ಅನ್ನುವ ಬೆದರಿಕೆ. ಅಮ್ಮನಿಗೆ ಮೊದಲೇ ಗೊತ್ತಿದ್ದರೆ ಅವರ ಹತ್ತಿರ ಏನು ಉಳಿಯಿತು?

ಕಳೆದ ವರ್ಷ ಅದರ ಪರೀಕ್ಷೆಯೂ ಆಯಿತು. ಮಗನಿಗೆ ಅವನ ವಯಸ್ಸಿನದೇ ಹುಡುಗಿ ಅಂತ ಒಂದು ಖಾತೆಯಿಂದ ಮೆಸೇಜ್. ಎರಡು ದಿನ ಗೇಮ್ ಬಗ್ಗೆ ಮಾತು. ಮೂರನೇ ದಿನ ‘ಬೇರೆ ಆ್ಯಪ್‌ಗೆ ಬಾ, ಫೋಟೋ ಕಳಿಸು, ನಾನೂ ಕಳಿಸ್ತೀನಿ’. ಅವನು ಏನೂ ಕಳಿಸಲಿಲ್ಲ. ಫೋನ್ ತಂದು ನನ್ನ ಕೈಗೆ ಕೊಟ್ಟು ‘ಅಮ್ಮಾ, ಇದು ಆ ತರದ್ದೇ ಅನ್ಸುತ್ತೆ’ ಅಂದ. ಹುಡುಗಿಯರಿಗಷ್ಟೇ ಅಪಾಯ ಅಂದುಕೊಂಡವರು ಕೇಳಿ: ದುಡ್ಡಿಗಾಗಿ ಮಾಡುವ ಈ ಬ್ಲ್ಯಾಕ್‌ಮೇಲ್‌ನಲ್ಲಿ ಹದಿಹರೆಯದ ಹುಡುಗರೇ ಜಾಸ್ತಿ ಗುರಿ. ಮೊದಲು ಸ್ಕ್ರೀನ್‌ಶಾಟ್ ತೆಗೆದೆವು, ಯೂಸರ್‌ನೇಮ್, ಪ್ರೊಫೈಲ್ ಲಿಂಕ್ ಎರಡೂ ಬರುವಂತೆ. ಆಮೇಲೆ ರಿಪೋರ್ಟ್. ಬ್ಲಾಕ್ ಕೊನೆಗೆ. ಚಾಟ್ ಅಳಿಸಲಿಲ್ಲ. ಗಾಬರಿಯಲ್ಲಿ ಎಲ್ಲರೂ ಮೊದಲು ಅಳಿಸುತ್ತಾರೆ, ಆಮೇಲೆ ಪೊಲೀಸರಿಗೆ ತೋರಿಸಲು ಏನೂ ಇರುವುದಿಲ್ಲ.

ಫೋಟೋ ಹೋಗಿಬಿಟ್ಟಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಅವತ್ತೇ ಕೂತು ನೋಡಿದೆವು. ದುಡ್ಡು ಕೊಡಬಾರದು, ಒಮ್ಮೆ ಕೊಟ್ಟರೆ ಇನ್ನೂ ಕೇಳುತ್ತಾರೆ. ‘ಟೇಕ್ ಇಟ್ ಡೌನ್’ ಅಂತ ಒಂದು ಉಚಿತ ಸೇವೆ ಇದೆ. ಕಾಣೆಯಾದ ಹಾಗೂ ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಕೇಂದ್ರ ನಡೆಸುವುದು, 2023ರಿಂದ ಸುದ್ದಿಯಲ್ಲಿದೆ. 18ರ ಒಳಗೆ ತೆಗೆದ ನಗ್ನ ಚಿತ್ರಕ್ಕೆ ನಮ್ಮ ಫೋನಿನಲ್ಲೇ ಒಂದು ಗುರುತು ಸಂಖ್ಯೆ ತಯಾರಾಗುತ್ತದೆ. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ, ಆ ಸಂಖ್ಯೆ ಮಾತ್ರ ಸೈಟ್‌ಗಳಿಗೆ ಹೋಗುತ್ತದೆ. ಹೆಸರು ಹೇಳಬೇಕಾಗಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್ ತರದವು ಅದರಲ್ಲಿ ಸೇರಿವೆ. ಎನ್‌ಕ್ರಿಪ್ಟ್ ಆದ ಚಾಟ್‌ನೊಳಗೆ, ಅಂದರೆ ಮಾತಾಡುವವರು ಬಿಟ್ಟು ಬೇರೆ ಯಾರೂ ನೋಡಲಾಗದ ಚಾಟ್‌ನೊಳಗೆ, ಅದು ನಡೆಯುವುದಿಲ್ಲ.

ಈ ವಿಧಾನವನ್ನು ಒಂದು ಮನೆಯವರು ನೋಡಿ ಮಾಡಲು ಹೋಗಿ ಕೆಡಿಸಿಕೊಂಡರು. ಮೊದಲ ಅರ್ಧ ಗಂಟೆಯಲ್ಲೇ ಅಪ್ಪ ಏನೋ ಕಂಡು ಫೋನ್ ಕಿತ್ತುಕೊಂಡರಂತೆ. ಹುಡುಗ ಇನ್ನೊಂದು ಖಾತೆ ತೆರೆದ, ಅದು ಅವರಿಗೆ ಸಿಕ್ಕಿಲ್ಲ. ಮೊದಲ ಎರಡು ಮೂರು ಸಲ ಏನೇ ಸಿಕ್ಕಿದರೂ ಬರೆದುಕೊಳ್ಳಬೇಕು, ಅಷ್ಟೇ. ಸರಿಮಾಡುವುದು ಮಾರನೇ ದಿನ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಇದು ಹಿಡಿಸುವುದಿಲ್ಲ, ಅವರಿಗೆ ಖಾತೆಯೇ ಬೇಡ.

ಎಲ್ಲಕ್ಕಿಂತ ಕಷ್ಟ ಆದದ್ದು ನೆಂಟರು. ಚಿಕ್ಕಮ್ಮ, ಅಜ್ಜಿ, ಡ್ಯಾನ್ಸ್ ಕ್ಲಾಸ್‌ನವರು, ಎಲ್ಲರೂ ಪ್ರೀತಿಯಿಂದಲೇ ಹಾಕುತ್ತಾರೆ. ನಾನು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಮಗಳೇ ಫೋನ್ ಮಾಡಿ ‘ಚಿಕ್ಕಮ್ಮಾ, ನನ್ನ ಫೋಟೋ ಹಾಕೋ ಮೊದಲು ನನ್ನನ್ನ ಕೇಳಿ, ಪ್ಲೀಸ್’ ಅಂದಾಗ ಎಲ್ಲರೂ ಒಪ್ಪಿದರು. ಅಜ್ಜಿಯ ವಾಟ್ಸಾಪ್ ಸ್ಟೇಟಸ್ ಆರಿಸಿದ ಹತ್ತು ಹನ್ನೆರಡು ಜನಕ್ಕೆ ಮಾತ್ರ ಕಾಣುವಂತೆ ಮಗ ಹಾಕಿಕೊಟ್ಟ. ಇನ್ನು ಸರ್ಚ್‌ನಲ್ಲಿ ಬರುತ್ತಿದ್ದ ಒಂದು ಹಳೇ ಫೋಟೋ. 18ರ ಒಳಗಿನವರ ಚಿತ್ರವನ್ನು ಸರ್ಚ್‌ನಿಂದ ತೆಗೆಯಿರಿ ಅಂತ ಗೂಗಲ್‌ಗೆ ಕೇಳುವ ದಾರಿ 2021ರಿಂದ ಇದೆ. ಕೇಳಿದೆವು, ತೆಗೆದರು. ಮೂಲ ಸೈಟ್‌ನಲ್ಲಿ ಅದು ಇನ್ನೂ ಇದೆ, ಅವರಿಗೆ ಬೇರೆ ಬರೆಯುತ್ತಿದ್ದೇವೆ.

ಕಳೆದ ನಾಲ್ಕೈದು ಸಲದ ತಪಾಸಣೆಯಲ್ಲಿ ಮಗಳ ಪುಟ ಬಹುತೇಕ ಖಾಲಿ. ಮಗನದ್ದು ಹಾಗಲ್ಲ, ಗೇಮ್ ಆಡುವವರು ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್ ಬಾಕಿ ಇದೆ. ಅವನು ಸೇರಿರುವ ಸರ್ವರ್‌ಗಳು (ಅಲ್ಲಿನ ಗುಂಪುಗಳಿಗೆ ಹಾಗೆನ್ನುತ್ತಾರೆ) 20ರ ಮೇಲಿವೆ. ಆ ಸರ್ವರ್‌ಗಳಲ್ಲಿರುವ ಯಾರು ಬೇಕಾದರೂ ನೇರ ಮೆಸೇಜ್ ಮಾಡುವುದನ್ನು ಬಂದ್ ಮಾಡಿದ್ದಾನೆ. ವಾಯ್ಸ್ ಚಾಟ್‌ನಲ್ಲಿ ಹಿಂದಿನಿಂದ ಕೇಳುವ ನಮ್ಮ ಮನೆ ಮಾತು ಏನೇನು ಹೇಳುತ್ತದೆ ಅಂತ ನೋಡಲು ಮಗಳು ಒಂದು ಪ್ರಯೋಗ ಹಾಕಿಕೊಂಡಿದ್ದಾಳೆ. ತಮ್ಮ ಆಡುವಾಗ ಬೇರೆ ರೂಮಿನಲ್ಲಿ ಹೆಡ್‌ಫೋನ್ ಹಾಕಿ ಕೂತು ಬರೆದುಕೊಳ್ಳುತ್ತಾಳೆ. ಮೊದಲ ಸಂಜೆಗೇ ಅರ್ಧ ಪುಟ ಆಗಿದೆ.